ಎರಡಿಂಚು ಹಿಂದಕ್ಕೆ

ಸುಳ್ಳು ಹೇಳಿ ಸಿಕ್ಕಿಬಿದ್ದವರು ಲೋಕದಲ್ಲಿ ಅನೇಕರಿದ್ದಾರೆ. ಸುಳ್ಳು ಹೇಳುವುದಕ್ಕೆ ಮೊದಲೇ ಸಿಕ್ಕಿಬೀಳುವವರು ನನಗೆ ತಿಳಿದಂತೆ ಒಬ್ಬರೇ. ಅವರು ನಮ್ಮ ಬೀದಿಯ ಅಡಿಟಿಪ್ಪಣಿಯವರು.

ಈ ಹೆಸರು ಹೆತ್ತವರು ಇಟ್ಟದ್ದಲ್ಲ. ಅಚ್ಚುಕೂಟದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದ ಮೇಲೆ ಅಲ್ಲಿನವರು ಇಟ್ಟದ್ದು. ಯಾವ ಮಾತನ್ನೂ ಅವರು ಇದ್ದಲ್ಲಿಗೆ ಬಿಡಲಾರರು. ಕೆಳಗೊಂದು ವಿವರಣೆ ಸೇರಿಸಿಯೇ ತೀರಬೇಕು. "ಊಟ ಆಯ್ತಾ?" ಎಂದು ಯಾರಾದರೂ ಕೇಳಿದರೆ "ಆಯ್ತು" ಎಂದು ಸುಮ್ಮನಾಗುವುದು ಜಗತ್ತಿನ ರೂಢಿ. ಇವರು "ಆಯ್ತು, ಜಗಳ ಏನೂ ಆಗ್ಲಿಲ್ಲ" ಎನ್ನುತ್ತಾರೆ. ಕೇಳಿದವನು ಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ, "ಪಾಪ, ಅವರ ಮನೇಲಿ ದಿನಾ ಜಗಳವಂತೆ ಕಣೇ" ಎನ್ನುತ್ತಾನೆ.

ಇಂಥವರ ಪಾಲಿಗೆ ಮಾವನ ಕಾರು ಬಂದಿತ್ತು. ಐವತ್ತು ದಾಟಿದ, ಕೆನೆಬಣ್ಣದ, ದುಂಡುಬೆನ್ನಿನ ಕಾರು. ಮಾವನವರು ಇರುವಷ್ಟು ಕಾಲ ಅದಕ್ಕೆ ಮೆಕ್ಯಾನಿಕ್ಕಿನ ಕೈ ಸೋಕಿರಲಿಲ್ಲ. ಬಿಚ್ಚುವವರೂ ಅವರೇ, ಜೋಡಿಸುವವರೂ ಅವರೇ, ಆಮೇಲೆ ಬೀದಿಯವರನ್ನೆಲ್ಲ ಕರೆದು ಹೊಗಳಿಕೊಳ್ಳುವವರೂ ಅವರೇ. ಸ್ವಂತ ಮಗನಿದ್ದರೂ ಕಾರನ್ನು ಅಳಿಯನಿಗೆ ಕೊಟ್ಟದ್ದಕ್ಕೆ ಕಾರಣವಿತ್ತು. ಮಗ ಹರೆಯದಲ್ಲಿ ಒಮ್ಮೆ ಹಿಂದಿನ ಸೀಟಿನಲ್ಲಿ ಕೂತು, "ಏನೋ ಶಬ್ದ ಬರ್ತಿದೆಯಲ್ಲಪ್ಪಾ" ಅಂದಿದ್ದ. ಅಪ್ಪ ಅಲ್ಲೇ ಕಾರು ನಿಲ್ಲಿಸಿ, "ಇಳಿ, ನಡ್ಕೊಂಡ್ ಬಾ" ಅಂದಿದ್ದರು. ಅಳಿಯನಾದರೋ ಯಾವಾಗ ಕೂತರೂ "ಅದ್ಭುತ" ಎನ್ನುತ್ತಿದ್ದ. ಉಯಿಲು ಬರೆಯುವ ಹೊತ್ತಿಗೆ ಇಂಥ ಸಂಗತಿಗಳೆಲ್ಲ ನೆನಪಾಗುತ್ತವೆ.

ಉಯಿಲಿನಲ್ಲಿ ಒಂದು ಷರತ್ತೂ ಇತ್ತು. "ಸದರಿ ಕಾರನ್ನು ನಾನು ಬಿಟ್ಟುಹೋದ ಸ್ಥಿತಿಯಲ್ಲಿಯೇ ಕಾಪಾಡತಕ್ಕದ್ದು. ಟೈರು, ಬ್ಯಾಟರಿ ಮುಂತಾದ ಸವೆಯುವ ವಸ್ತುಗಳ ಹೊರತು ಬೇರೇನನ್ನು ಬದಲಿಸಿದರೂ ಕಾರು ನನ್ನ ಮಗನಿಗೆ ಸೇರತಕ್ಕದ್ದು."

ಆ ಮಗ, ಅಂದರೆ ಅಡಿಟಿಪ್ಪಣಿಯವರ ಭಾವ, ವೃತ್ತಿಯಿಂದ ಸರ್ವೇಯರ್. ಎರಡು ಹೊಲಗಳ ನಡುವಿನ ಗೇಣು ಬದುವಿಗಾಗಿ ಅಣ್ಣತಮ್ಮಂದಿರು ತಲೆ ಒಡೆದುಕೊಳ್ಳುವುದನ್ನು ಮೂವತ್ತು ವರ್ಷ ಕಂಡವರು. ಅಳೆಯದೆ ಯಾವುದನ್ನೂ, ಯಾರನ್ನೂ ನಂಬುವವರಲ್ಲ. ಉಯಿಲು ಓದಿದ ದಿನವೇ ಅಂಗಳಕ್ಕಿಳಿದು ಕಾರಿನ ಉದ್ದ, ಅಗಲ, ಎತ್ತರ, ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗಿನ ದೂರ ಎಲ್ಲವನ್ನೂ ಟೇಪು ಹಿಡಿದು ಅಳೆದು, ನೋಟುಬುಕ್ಕಿನಲ್ಲಿ ಬರೆದು, ಭಾವಮೈದುನನಿಂದ ಸಹಿ ಹಾಕಿಸಿಕೊಂಡಿದ್ದರು. ಅಂದಿನಿಂದ ತಿಂಗಳ ಮೊದಲ ಭಾನುವಾರ ಬರುತ್ತಿದ್ದರು. ಅಮ್ಮನನ್ನು ನೋಡಲು ಎಂದು ಹೇಳುತ್ತಿದ್ದರು, ಆದರೆ ಮೊದಲು ನೋಡುತ್ತಿದ್ದದ್ದು ಕಾರನ್ನು.

ಕಾರಿನಿಂದ ಅಡಿಟಿಪ್ಪಣಿಯವರಿಗೆ ಆದ ಲಾಭ ಒಂದೇ. ಅಚ್ಚುಕೂಟದ ಕಾವಲುಗಾರ ಅದುವರೆಗೆ ಅವರಿಗೆ ಕಬ್ಬಿಣದ ಗೇಟಿನೊಳಗಿನ ಚಿಕ್ಕ ಬಾಗಿಲನ್ನು ಕಾಲಿನಿಂದ ತಳ್ಳಿ ಬಿಡುತ್ತಿದ್ದ. ತಲೆ ತಗ್ಗಿಸಿ ನುಸುಳಬೇಕಿತ್ತು. ಕಾರು ಬಂದ ದಿನ ಅವನು ಎದ್ದು ನಿಂತು ದೊಡ್ಡ ಗೇಟಿನ ಎರಡೂ ಬಾಗಿಲು ತೆಗೆದ. ಮನುಷ್ಯನಿಗೆ ಇನ್ನೇನು ಬೇಕು?

ಹೀಗೆ ಸುಖವಾಗಿದ್ದವರ ತಲೆಯಲ್ಲಿ ಹುಳ ಬಿಟ್ಟವರು ಎದುರು ಮನೆಯ ಸುಂಕದವರು. ಮೂವತ್ತನಾಲ್ಕು ವರ್ಷ ಸುಂಕದ ಕಟ್ಟೆಯಲ್ಲಿ ಗಾಡಿಗಳನ್ನು ತಡೆದು ನಿವೃತ್ತರಾದವರು. ತಡೆಯುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. ಒಂದು ಬೆಳಿಗ್ಗೆ ಗೇಟಿಗೆ ಒರಗಿ ನಿಂತು ಅಂದರು:

"ಅಲ್ರೀ, ಕಾರು ನೋಡಿದ್ರೆ ಇಷ್ಟು ಗಾತ್ರ. ಟೈರು ನೋಡಿದ್ರೆ ಯಾರೋ ದೊಡ್ಡ ಮನುಷ್ಯ ಹೆಂಡತಿ ಚಪ್ಪಲಿ ಹಾಕ್ಕೊಂಡು ಹೊರಟ ಹಾಗಿದೆ."

ಅಂದು ಕಾವಲುಗಾರ ಗೇಟು ತೆಗೆಯುವಾಗ ಟೈರಿನ ಕಡೆ ನೋಡಿದ ಹಾಗಾಯಿತು. ನೋಡಿದನೋ ಇಲ್ಲವೋ ಆ ಭಗವಂತನೇ ಬಲ್ಲ. ಮರುವಾರ ಅಡಿಟಿಪ್ಪಣಿಯವರು ನಾಲ್ಕು ದೊಡ್ಡ ಟೈರು ಹಾಕಿಸಿಕೊಂಡು ಬಂದರು. ಟೈರು ಸವೆಯುವ ವಸ್ತು. ಉಯಿಲೇ ಹಾಗೆ ಹೇಳಿತ್ತು.

ಮುಂದಿನ ಟೈರುಗಳ ತಂಟೆಯಿರಲಿಲ್ಲ. ಹಿಂದಿನವು ಮಾತ್ರ ಗುಂಡಿಗೊಮ್ಮೆ ಮಡ್‌ಗಾರ್ಡಿನ ಮುಂದಿನ ಅಂಚಿಗೆ ಉಜ್ಜಿ 'ಖರ್ರ್' ಎನ್ನತೊಡಗಿದವು. ಅದೇ ಮನೆಯಲ್ಲಿದ್ದ ಅತ್ತೆಯನ್ನು ಮೊದಲ ಸಲ ಹಿಂದೆ ಕೂರಿಸಿಕೊಂಡು ಹೋದಾಗ, ಶಬ್ದ ಕೇಳಿಸದಿರಲೆಂದು ಅಳಿಯಂದಿರು ಪ್ರತಿ ಗುಂಡಿಗೂ ಜೋರಾಗಿ ಕೆಮ್ಮಿದರು. ಅತ್ತೆ ಕಡಿಮೆ ಮಾತಿನ ಹೆಂಗಸು. ಆರನೇ ಕೆಮ್ಮಿಗೆ ಕೇಳಿದರು:

"ಅಳಿಯಂದಿರೇ, ಈ ಕೆಮ್ಮು ಗುಂಡಿ ಬಂದಾಗ ಮಾತ್ರ ಬರುತ್ತಾ?"

"ಧೂಳು ಅತ್ತೆ, ಧೂಳು. ಟೈರಿಂದ ಅಲ್ಲ."

ಅತ್ತೆ ಕಿಟಕಿಯಾಚೆ ನೋಡಿದರು.

ಊರ ಹೊರಗಿನ ಹಳೆಯ ಮೇಸ್ತ್ರಿಯೊಬ್ಬನ ಬಳಿ ಅಡಿಟಿಪ್ಪಣಿಯವರು ಗುಟ್ಟಾಗಿ ಹೋದರು. ಮೇಸ್ತ್ರಿ ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಹಿಂದಿನ ಗಾಲಿಯ ಮುಂದೆ ಎರಡು ಬೆರಳಿಟ್ಟ, ಹೋಗಲಿಲ್ಲ. ಹಿಂದೆ ಇಟ್ಟ, ಇಡೀ ಅಂಗೈ ಹೋಯಿತು.

"ಗಾಲಿ ಮಡ್‌ಗಾರ್ಡಿನ ನಡುಮಧ್ಯದಲ್ಲೇ ಇಲ್ಲ ಸ್ವಾಮಿ, ಮುಂದಕ್ಕೆ ಬಂದು ಕೂತಿದೆ. ಹಿಂದಿನ ಆಕ್ಸಲ್ಲನ್ನ ಎರಡಿಂಚು ಹಿಂದಕ್ಕೆ ಸರಿಸಬೇಕು."

"ಸರಿಸಿದ್ರೆ ಗೊತ್ತಾಗುತ್ತಾ?"

"ಯಾರಿಗೆ?"

"ಯಾರಿಗೂ ಅಲ್ಲ. ಟೇಪು ಇರೋರಿಗೆ."

ಮೇಸ್ತ್ರಿ ಅವರನ್ನು ಮೇಲಿಂದ ಕೆಳಗೆ ನೋಡಿದ. "ಕಾರು ನಿಮ್ದೇ ತಾನೇ?"

"ನಂದೇ. ಸದ್ಯಕ್ಕೆ."

ಎರಡಿಂಚು ಎಂದರೆ ಎಷ್ಟೆಂದು ಕಣ್ಣಿಗೆ ಕಟ್ಟಿಕೊಳ್ಳಲು ಅವರು ಹೆಂಡತಿಯ ಹೊಲಿಗೆ ಟೇಪು ತೆಗೆದುಕೊಂಡು ಮನೆಯ ಅಂಗಳದಲ್ಲೇ ಕಾರಿನ ಕೆಳಗೆ ತೂರಿಕೊಂಡದ್ದು ಅವರ ಜೀವಮಾನದ ತಪ್ಪುಗಳಲ್ಲಿ ದೊಡ್ಡದು. ಹೊರಗೆ ಎರಡು ಪಾದ, ಟೇಪಿನ ಒಂದು ತುದಿ ಮಾತ್ರ ಕಾಣುತ್ತಿತ್ತು. ಸುಂಕದವರು ಬಂದು ಆ ಪಾದಗಳ ಬಳಿ ನಿಂತರು.

"ಏನ್ರೀ ಕೆಳಗೆ?"

ಪಾದಗಳು ಕಾರಿನಡಿಗೆ ಸರಿದವು. ಕಾರಿನಡಿಯಿಂದ ದನಿ ಬಂತು: "ಏನೂ ಇಲ್ಲ. ಏನನ್ನೂ ಬಚ್ಚಿಟ್ಟಿಲ್ಲ."

ಸುಂಕದ ಕಟ್ಟೆಯಲ್ಲಿ ಮೂವತ್ತನಾಲ್ಕು ವರ್ಷ ಕೂತವನ ಮುಂದೆ ಆಡಬಾರದ ಮಾತು ಯಾವುದಾದರೂ ಇದ್ದರೆ ಅದು ಇದೇ. ಸುಂಕದವರ ಮೀಸೆ ತಾನಾಗಿ ನೆಟ್ಟಗಾಯಿತು.

"ಬಚ್ಚಿಟ್ಟಿದೀರಾ ಅಂತ ನಾನು ಕೇಳ್ಲಿಲ್ವಲ್ಲ?"

"ಕೇಳ್ಲಿಲ್ಲ. ಅದಕ್ಕೇ ಹೇಳ್ದೆ."

"ಎಲ್ಲಾದ್ರೂ ದೂರ ಹೊರಟಿದೀರೋ?"

"ಇಲ್ಲ ಇಲ್ಲ. ಓಡಿಹೋಗೋ ಅಂಥದ್ದು ಏನೂ ಇಲ್ಲ."

ಸುಂಕದವರು ಮನೆಗೆ ಹೋಗಿ, ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು, ನಿವೃತ್ತಿಯ ನಂತರ ಮೊದಲ ಬಾರಿಗೆ ನೆಮ್ಮದಿಯಾಗಿ ಉಸಿರು ಬಿಟ್ಟರು. ಬದುಕಿಗೆ ಮತ್ತೆ ಅರ್ಥ ಬಂದಿತ್ತು.

ಕಾರು ಮೇಸ್ತ್ರಿಯ ಶೆಡ್ಡಿಗೆ ಹೋಯಿತು. ಹೆಂಡತಿ ಕೇಳಿದರು, "ಕಾರೆಲ್ಲಿ ರೀ?"

"ತೊಳೆಯೋಕೆ ಕೊಟ್ಟಿದೀನಿ."

ಮೂರನೇ ದಿನ ಮತ್ತೆ ಕೇಳಿದರು, "ಇನ್ನೂ ತೊಳೀತಿದಾರಾ?"

"ಒಳಗಡೆಯಿಂದಾನೂ ತೊಳೀತಾರೆ."

"ಅಂಗಿ ಮೇಲೆ ಇದೇನು ಕಪ್ಪು?"

"ಅಚ್ಚಿನ ಮಸಿ."

ಹೆಂಡತಿ ಅಂಗಿಯನ್ನು ಮೂಗಿಗೆ ಹಿಡಿದರು. "ಇಪ್ಪತ್ತಾರು ವರ್ಷದಿಂದ ಮಸಿ ಒಗೀತಿದೀನಿ. ಮಸಿ ವಾಸನೆ ಇದಲ್ಲ."

"ಹೊಸ ಮಸಿ. ಹೆಂಗಸರ ವಿಷಯ ಏನೂ ಅಲ್ಲ."

ಆಕೆ ಅಂಗಿಯನ್ನು ಮೆಲ್ಲಗೆ ಕೆಳಗಿಟ್ಟರು. ಹೆಂಗಸರ ವಿಷಯ ಅದುವರೆಗೆ ಆ ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಆ ರಾತ್ರಿಯಿಂದ ಅಡಿಟಿಪ್ಪಣಿಯವರ ತಟ್ಟೆಗೆ ಅನ್ನ ಬಡಿಸುವ ಸದ್ದು ಬದಲಾಯಿತು.

ಅತ್ತ ಶೆಡ್ಡಿನಲ್ಲಿ ಮೇಸ್ತ್ರಿ ಕಾರಿನ ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ ಕಮಾನುಪಟ್ಟಿಗಳನ್ನು ಬಿಚ್ಚಿದ್ದ. ಒಂದರ ಮೇಲೊಂದು ಒರಗಿದ ಆ ಉಕ್ಕಿನ ಪಟ್ಟಿಗಳ ಬೆನ್ನ ಮೇಲೆಯೇ ಆಕ್ಸಲ್ ಕೂರುವುದು. ಹೊಸ ತೂತು ಕೊರೆಯಬೇಕು, ತಗಡು ಬೆಸೆಯಬೇಕು ಎಂದೆಲ್ಲ ಸಿದ್ಧನಾಗಿದ್ದವನು ಪಟ್ಟಿಯನ್ನು ನೆಲದ ಮೇಲಿಟ್ಟು ಮೊಳಕೈಯಿಂದ ಅಳೆದು ತಲೆ ಕೆರೆದುಕೊಂಡ.

"ಸ್ವಾಮಿ, ನಡುವಿನ ಬೋಲ್ಟು ಸರಿಯಾಗಿ ನಡುವಿಗಿಲ್ಲ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಪಟ್ಟೀನ ಹಿಂದುಮುಂದು ತಿರುಗಿಸಿ ಹಾಕಿದ್ರೆ ಸಾಕು, ಆಕ್ಸಲ್ಲು ತಾನೇ ಎರಡಿಂಚು ಹಿಂದೆ ಹೋಗುತ್ತೆ."

ಹಾಗೆಯೇ ಮಾಡಿದ. ಎಂಜಿನ್ನಿನಿಂದ ಬರುವ ಶಾಫ್ಟ್ ಸಾಲದೆ ಬರಬಹುದೆಂದು ಹೆದರಿದ್ದ. ಹೇಳಿ ಮಾಡಿಸಿದ ಹಾಗೆ ಕೂತಿತು. ಬ್ರೇಕಿನ ಪೈಪು ಬಿಗಿಯಾಗಬಹುದೆಂದುಕೊಂಡಿದ್ದ; ಅದು ಉಸ್ಸಪ್ಪಾ ಎಂದು ಸಡಿಲವಾಗಿ ಮಲಗಿತು. ಮೇಸ್ತ್ರಿ ಬಹಳ ಹೊತ್ತು ಕೈ ಒರೆಸಿಕೊಂಡ.

"ಇದಕ್ಕೆ ಯಾವನೋ ಮೊದಲೇ ಕೈ ಹಾಕಿದಾನೆ."

ಅಡಿಟಿಪ್ಪಣಿಯವರು ಕೆರಳಿದರು. "ಸಾಧ್ಯಾನೇ ಇಲ್ಲ! ನಮ್ಮ ಮಾವನವರು ಒಬ್ಬ ಮೆಕ್ಯಾನಿಕ್ಕಿಗೂ ಮುಟ್ಟಿಸಿಲ್ಲ. ಎಲ್ಲಾ ಅವರದ್ದೇ ಕೈ."

"ಎಲ್ಲಾ ಅವರದ್ದೇ ಕೈ?"

"ಎಲ್ಲಾ!"

ಮೇಸ್ತ್ರಿ ಕಿವಿಯ ಬೀಡಿ ತೆಗೆದು ಹಚ್ಚಿದ. "ಹಾಗಾದ್ರೆ ಸರಿ ಬಿಡಿ" ಎಂದ. ಅವನ ಹುಬ್ಬು ಮಾತ್ರ ಹಾಗೆನ್ನಲಿಲ್ಲ.

ಕಾರು ಮನೆಗೆ ಬಂತು. ಕಣ್ಣಿನ ಡಾಕ್ಟರ ಬಳಿ ಹೋಗಬೇಕೆಂದು ಅತ್ತೆ ಹಿಂದೆ ಕೂತರು. ಗುಂಡಿ ಬಂತು, ಹೋಯಿತು; ಸದ್ದಿಲ್ಲ. ಇನ್ನೊಂದು ಬಂತು, ಹೋಯಿತು, ಸದ್ದಿಲ್ಲ. ಅಳಿಯಂದಿರು ಅಭ್ಯಾಸಬಲದಿಂದ ಒಮ್ಮೆ ಕೆಮ್ಮಿದರು. ಅತ್ತೆ ಸೀಟನ್ನು ಅಂಗೈಯಿಂದ ಸವರಿ, "ಈ ಕಾರಲ್ಲಿ ಹೀಗೆ ಕೂತು ಎಷ್ಟು ವರ್ಷ ಆಗಿತ್ತು" ಅಂದರು.

"ಏನೂ ಮಾಡಿಸಿಲ್ಲ ಅತ್ತೆ!"

"ನಾನೇನಾದ್ರೂ ಮಾಡಿಸಿದ್ರಾ ಅಂತ ಕೇಳಿದ್ನಾ?"

ಕನ್ನಡಿಯಲ್ಲಿ ಅತ್ತೆ ನಗುತ್ತಿರುವುದು ಕಂಡಿತು. ಅತ್ತೆ ನಗುವುದನ್ನು ಅವರು ಮದುವೆಯಾದಂದಿನಿಂದ ನೋಡಿರಲಿಲ್ಲ. ಭಾವನ ಕಡೆ ಸೇರಿಕೊಂಡಿದ್ದಾರೆಂದು ಖಾತ್ರಿಯಾಗಿ, ಬೆವರು ಕಾಲರಿನೊಳಗೆ ಇಳಿಯಿತು.

ಅಷ್ಟರಲ್ಲಿ ಸುಂಕದವರು ಭಾವನಿಗೆ ಫೋನು ಮಾಡಿಯಾಗಿತ್ತು. "ನಾಲ್ಕು ದಿನ ಕಾರು ನಾಪತ್ತೆ. ಹೋಗೋ ಮೊದಲು ಅಡಿ ಅಳೆದಿದಾರೆ. ನನ್ನ ಅನುಭವದಲ್ಲಿ ಇದಕ್ಕೆ ಒಂದೇ ಅರ್ಥ. ನಿಮ್ಮ ತಂದೇರ ಕಾರಿಗೆ ಗುಪ್ತ ಖಾನೆ ಕೂರಿಸಿದಾರೆ." ಅಡುಗೆಮನೆಯಿಂದ ತಂಗಿಯ ಫೋನೂ ಹೋಗಿತ್ತು. "ಅಣ್ಣಾ, ಇವರ ಅಂಗಿ ವಾಸನೆ ಸರಿಯಿಲ್ಲ."

ಭಾವ ಭಾನುವಾರಕ್ಕೆ ಕಾಯಲಿಲ್ಲ. ಬುಧವಾರ ಬೆಳಿಗ್ಗೆ ಎಂಟಕ್ಕೆ, ಅಡಿಟಿಪ್ಪಣಿಯವರು ಊಟದ ಡಬ್ಬಿ ಹಿಡಿದು ಕಾರಿನ ಬಾಗಿಲು ತೆಗೆಯುವ ಹೊತ್ತಿಗೆ, ಗೇಟಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ನೋಟುಬುಕ್ಕು, ಒಂದು ಕೈಯಲ್ಲಿ ಉಕ್ಕಿನ ಟೇಪು, ಹಿಂದೆ ಸುಂಕದವರು.

"ಭಾವ! ಇವತ್ತು ಭಾನುವಾರ ಅಲ್ವಲ್ಲ?"

"ಅಲ್ಲ. ಟೇಪಿನ ಆ ತುದಿ ಹಿಡ್ಕೊಳ್ಳಿ."

ಉದ್ದ ಸರಿ. ಅಗಲ ಸರಿ. ಸುಂಕದವರು ಕಾರಿನ ಬಾಗಿಲುಗಳನ್ನು ಒಂದೊಂದಾಗಿ ಬೆರಳ ಗಂಟಿನಿಂದ ಬಡಿದು ಕಿವಿಗೊಟ್ಟರು. ಸೀಟಿನಡಿ ಕೈ ಹಾಕಿ, ಅರ್ಧ ಖಾಲಿಯಾದ ಪೆಪ್ಪರ್‌ಮಿಂಟ್ ಪೊಟ್ಟಣ ತೆಗೆದು, ಮೂಸಿ, ಜೇಬಿಗಿಟ್ಟುಕೊಂಡರು. ಭಾವ ಗಾಲಿಯಿಂದ ಗಾಲಿಗೆ ಟೇಪು ಎಳೆದರು. ನೋಟುಬುಕ್ಕು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಎಳೆದರು. ಆಚೆ ಮಗ್ಗುಲಿಗೆ ಹೋಗಿ ಅಲ್ಲೂ ಎಳೆದರು.

"ಆವತ್ತು ತೊಂಬತ್ತೈದು ಇಂಚು. ನೀವೇ ಸಹಿ ಹಾಕಿದೀರಿ. ಇವತ್ತು ತೊಂಬತ್ತೇಳು. ಹೇಗೆ?"

"ಬಿಸಿಲಿಗೆ ಕಬ್ಬಿಣ ಹಿಗ್ಗುತ್ತಂತೆ ಭಾವ." ಇಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. "ನಾನು ಹಿಗ್ಗಿಸಿಲ್ಲ" ಎಂದೂ ಸೇರಿಸಿದರು.

"ಯಾರು ಹಿಗ್ಗಿಸಿದ್ದು?"

"ಮೇಸ್ತ್ರಿ."

ಸುಂಕದವರು ತೊಡೆ ತಟ್ಟಿದರು. ಹೆಂಡತಿ ಬಾಗಿಲಿಗೆ ಬಂದರು. ಮಾತು ಒಮ್ಮೆ ಹೊರಟ ಮೇಲೆ ಟೈರು, ಶಬ್ದ, ಕೆಮ್ಮು, ಶೆಡ್ಡು, ಕಮಾನುಪಟ್ಟಿ ಎಲ್ಲವೂ ಸಾಲುಗಟ್ಟಿ ಬಂದವು. ಕೊನೆಗೆ ಹೆಂಡತಿಯ ಕಡೆ ತಿರುಗಿ, "ಅಂಗಿ ಮೇಲೆ ಇದ್ದದ್ದು ಗ್ರೀಸು ಕಣೇ" ಎಂದರು.

"ಬರೀ ಗ್ರೀಸಾ?" ಎಂದರು ಹೆಂಡತಿ. ಸಂತೋಷದಲ್ಲಿ ಆಕೆಯ ಕಣ್ಣು ತುಂಬಿತು. ಆ ಅಂಗಳದಲ್ಲಿ ಆ ಗಳಿಗೆಯಲ್ಲಿ ಸಂತೋಷಪಟ್ಟವರು ಅವರೊಬ್ಬರೇ.

ಭಾವ ಕೈ ಚಾಚಿದರು. "ಕೀಲಿ ಕೊಡಿ. ಉಯಿಲು ಏನು ಹೇಳುತ್ತೋ ಅದು."

ಅಡಿಟಿಪ್ಪಣಿಯವರು ಕೀಲಿಯನ್ನು ಭಾವನ ಅಂಗೈ ಮೇಲಿಟ್ಟರು. ಅಚ್ಚುಕೂಟಕ್ಕೆ ಹೊತ್ತಾಗಿತ್ತು. ಚಿಕ್ಕ ಬಾಗಿಲಿಗೆ ಎಷ್ಟು ಬಗ್ಗಬೇಕಿತ್ತೆಂದು ನೆನಪಿಸಿಕೊಳ್ಳುವವರಂತೆ ಊಟದ ಡಬ್ಬಿ ಹಿಡಿದು ತಲೆಯನ್ನು ಸ್ವಲ್ಪ ತಗ್ಗಿಸಿ ನಿಂತರು.

ಆಗ ಅತ್ತೆ ಹೊರಗೆ ಬಂದರು. ಸೆರಗಿನಡಿ ಏನನ್ನೋ ಹಿಡಿದಿದ್ದರು. ಮೊದಲು ಸುಂಕದವರ ಕಡೆ ನೋಡಿದರು.

"ನಿಮ್ಮನೆ ಕಡೆಯಿಂದ ಏನೋ ಸೀದ ವಾಸನೆ ಬರ್ತಿದೆಯಲ್ಲಪ್ಪಾ. ಹಾಲು ಇಟ್ಟಿದ್ರಾ?"

ಸುಂಕದವರಿಗೆ ಹಾಲು ಇಟ್ಟ ನೆನಪಿರಲಿಲ್ಲ. ಇಡದ ನೆನಪೂ ಇರಲಿಲ್ಲ. ಎರಡು ಹೆಜ್ಜೆಗೊಮ್ಮೆ ಹಿಂದಿರುಗಿ ನೋಡುತ್ತ ಹೋದರು.

ಅತ್ತೆ ಸೆರಗಿನಡಿಯಿಂದ ಹಳೆಯ ಪುಸ್ತಕವೊಂದನ್ನು ತೆಗೆದು ಮಗನ ಕೈಗೆ ಕೊಟ್ಟರು. ಕಾರು ಮಾಡಿದ ಕಂಪನಿಯವರದು. ಪುಟಗಳ ಮೇಲೆ ಗ್ರೀಸಿನ ಬೆರಳಚ್ಚು.

"ಗುರುತು ಇಟ್ಟಿದೀನಿ. ಓದು."

ಭಾವ ಓದಿದರು. ಗಾಲಿಯಿಂದ ಗಾಲಿಗೆ: ತೊಂಬತ್ತೇಳು ಇಂಚು. ಟೈರಿನ ಅಳತೆಯೂ ಇತ್ತು. ಬಗ್ಗಿ ಹೊಸ ಟೈರಿನ ಮೈಮೇಲಿನ ಅಂಕಿ ನೋಡಿದರು. ಅದೇ.

"ಅಮ್ಮಾ, ಇದೇನು?"

"ನಿಮ್ಮಪ್ಪ ಒಂದು ಸಲ ಆ ಪಟ್ಟಿಗಳನ್ನ ಬಿಚ್ಚಿ ಹಾಕಿದ್ರು. ಎರಡು ದಿನ ಅಂಗಳದಲ್ಲೇ ಮಲಗಿದ್ರು. ಪುಸ್ತಕ ಹಿಡ್ಕೊಂಡು ಓದಿ ಹೇಳೋಳು ನಾನು. 'ಗಿಡ್ಡ ತುದಿ ಮುಂದೆ ಬರ್ಬಾರದಂತೆ ರೀ' ಅಂದೆ. 'ಪುಸ್ತಕ ಬರೆದವನೇನು ಕಾರು ಓಡಿಸಿದಾನಾ?' ಅಂದ್ರು. ಮೂರನೇ ದಿನ ಟೈರು ಉಜ್ಜೋಕೆ ಶುರುವಾಯ್ತು."

"ಆಮೇಲೆ?"

"ಆಮೇಲೆ ಏನು? ಅಷ್ಟು ಹೊತ್ತಿಗೆ ಬೀದೀನೆಲ್ಲ ಕರೆದು ತೋರಿಸಿ ಆಗಿತ್ತು. ಹೋಗಿ ಸಣ್ಣ ಟೈರು ತಂದ್ರು. 'ಈಗಿನ ರಸ್ತೆಗೆ ಇದೇ ಸರಿ' ಅಂದ್ರು. ಪುಸ್ತಕ ಒಲೆಗೆ ಹಾಕು ಅಂದ್ರು. ಹಾಕಿದೀನಿ ಅಂದೆ."

ಭಾವ ಪುಸ್ತಕ ಮುಚ್ಚಿದರು. ಅತ್ತೆಯೇ ಮುಂದುವರಿಸಿದರು. "ಅವರು ಬಿಟ್ಟುಹೋದ ಹಾಗೇ ಇರ್ಬೇಕು ಅಂತ ಉಯಿಲಲ್ಲಿದೆ. ಇಲ್ಲ ಅನ್ನಲ್ಲ. ಕಾರು ನಿನ್ನದೇ ಕಣೋ, ತಗೊಂಡು ಹೋಗು. ಆದ್ರೆ ಯಾರಾದ್ರೂ ಯಾಕೆ ಅಂತ ಕೇಳ್ತಾರೆ. ಅಪ್ಪ ಹೇಗೆ ಬಿಟ್ಟುಹೋಗಿದ್ರು ಅಂತ ಆಗ ನೀನೇ ಬಾಯಿಬಿಟ್ಟು ಹೇಳ್ಬೇಕಾಗುತ್ತೆ."

ಭಾವ ಟೇಪಿನ ನಾಲಿಗೆಯನ್ನು ಹೊರಗೆಳೆದರು, ಒಳಗೆ ಬಿಟ್ಟರು. ಮತ್ತೆ ಎಳೆದರು. ಕೊನೆಗೆ ಬಹಳ ತಗ್ಗಿದ ದನಿಯಲ್ಲಿ ಕೇಳಿದರು:

"ಅಮ್ಮಾ. ಹಾಗಾದ್ರೆ ಆವತ್ತು ಶಬ್ದ ಬರ್ತಿತ್ತು?"

"ಬರ್ತಿತ್ತು ಕಣೋ."

"ನಾನು ಹೇಳಿದ್ದು ಸರಿ?"

"ಸರಿ. ಸರಿಯಾಗಿತ್ತು ಅಂತಲೇ ನಿನ್ನ ಇಳಿಸಿದ್ದು. ಮನೆಗೆ ಬಂದು ನಿಮ್ಮಪ್ಪ ಊಟ ಮಾಡ್ಲಿಲ್ಲ ಅವತ್ತು."

ಸರ್ವೇಯರರು ನೋಟುಬುಕ್ಕನ್ನು ಕಾರಿನ ಬಾನೆಟ್ಟಿನ ಮೇಲಿಟ್ಟರು. ಮೂವತ್ತು ವರ್ಷದಲ್ಲಿ ಒಂದೇ ಒಂದು ಅಳತೆಯನ್ನು ಹೊಡೆದುಹಾಕಿದವರಲ್ಲ. ತೊಂಬತ್ತೈದನ್ನು ಹೊಡೆದುಹಾಕಿದರು. ಪಕ್ಕದಲ್ಲಿ ತೊಂಬತ್ತೇಳು ಎಂದು ಬರೆದು, ಕೆಳಗೆ ಸಣ್ಣಕ್ಷರದಲ್ಲಿ 'ಮೊದಲ ಅಳತೆ ನನ್ನ ತಪ್ಪು' ಎಂದು ಸೇರಿಸಿ ಸಹಿ ಹಾಕಿದರು. ಕೀಲಿಯನ್ನು ಭಾವಮೈದುನನ ಜೇಬಿಗೆ ಇಳಿಬಿಟ್ಟರು.

ಅಡಿಟಿಪ್ಪಣಿಯವರು ಆ ಸಣ್ಣಕ್ಷರದ ಸಾಲನ್ನು ಎರಡು ಸಲ ಓದಿದರು. ಅವರ ವೃತ್ತಿಯಲ್ಲಿ ಅಷ್ಟು ದೊಡ್ಡ ಸುಳ್ಳು ಅಷ್ಟು ಚಿಕ್ಕದಾಗಿ, ಅಷ್ಟು ಚೆನ್ನಾಗಿ ಬರೆದದ್ದನ್ನು ಕಂಡಿರಲಿಲ್ಲ. ತಿದ್ದುವಂಥದ್ದು ಏನೂ ಇರಲಿಲ್ಲ.

"ಭಾನುವಾರ ಬರ್ತೀನಿ" ಎಂದರು ಭಾವ.

"ಅಳೆಯೋಕಾ?"

"ಕೂರೋಕೆ. ಹಿಂದಿನ ಸೀಟಲ್ಲಿ."

ಅಷ್ಟರಲ್ಲಿ ಗೇಟಿನ ಬಳಿ ಸುಂಕದವರು ಮತ್ತೆ ಪ್ರತ್ಯಕ್ಷರಾದರು. "ನಮ್ಮನೇಲಿ ಏನೂ ಸೀದಿಲ್ಲವಲ್ಲ? ಏನಂತೆ ಇಲ್ಲಿ?"

ಅಡಿಟಿಪ್ಪಣಿಯವರು ಬಾಯಿ ತೆರೆದರು. ಅಲ್ಲಿಂದ ಒಂದಕ್ಷರ ಬೀಳುವುದರೊಳಗೆ ಅತ್ತೆ, ಹೆಂಡತಿ, ಭಾವ ಮೂವರೂ ಒಂದೇ ಉಸಿರಿನಲ್ಲಿ ಅಂದರು:

"ಏನೂ ಇಲ್ಲ!"

ಸುಂಕದವರು ಮೂವರ ಮುಖವನ್ನೂ ಸರದಿಯಾಗಿ ನೋಡಿದರು. ಒಬ್ಬೊಬ್ಬರೇ 'ಏನೂ ಇಲ್ಲ' ಎಂದದ್ದನ್ನು ಮೂವತ್ತನಾಲ್ಕು ವರ್ಷ ಕೇಳಿದ್ದರು. ಒಂದು ಇಡೀ ಸಂಸಾರ ಒಟ್ಟಾಗಿ ಹಾಗೆಂದದ್ದನ್ನು ಕೇಳಿದ್ದು ಇದೇ ಮೊದಲು. ಪ್ರಕರಣ ತಾವು ಎಣಿಸಿದ್ದಕ್ಕಿಂತ ಎಷ್ಟೋ ದೊಡ್ಡದೆಂದು ಅವರಿಗೆ ಹೊಳೆಯಿತು. ನೇರ ಮನೆಗೆ ಹೋಗಿ, ಕಿಟಕಿಯ ಬಳಿಯಿದ್ದ ಕುರ್ಚಿಯನ್ನು ಎತ್ತಿಕೊಂಡು ಬಂದು, ಬೀದಿಯ ನಡುಮಧ್ಯಕ್ಕೆ ಹಾಕಿಕೊಂಡು ಕೂತರು.